ಡಾಕ್ಟರ್ ಮುಂದ ಬರೇ ‘ಹೂಂನ್ರಿ’ ಅಂದು ಎದ್ದು ಬರಬ್ಯಾಡ್ರಿ: ದವಾಖಾನಿಯಿಂದ ಮನಿಗೆ ಬಂದ ಮ್ಯಾಲೆ ಗೊಂದಲ ಆಗದಂಗ ಏನೇನ ಮಾಡಬೇಕು

ನಮ್ಮವ್ವ ರೋಣ ತಾಲೂಕಿನ ಒಂದು ಹಳ್ಳ್ಯಾಗ ನನ್ನ ತಮ್ಮನ ಕೂಡ ಇರ್ತಾಳ, ನಾನು ಹುಬ್ಬಳ್ಳ್ಯಾಗ. ಆಕಿಗೆ ಬಿಪಿ, ಶುಗರ್ ಎರಡೂ ಅದಾವ, ಎರಡ್ ಮೂರ್ ತಿಂಗಳಿಗೊಮ್ಮಿ ತಮ್ಮ ಹುಬ್ಬಳ್ಳಿಗೆ ಕರ್ಕೊಂಡ್ ಬರ್ತಾನ, ನಾ ದವಾಖಾನಿಗೆ ಹೋಗಿ ನಂಬರ್ ಹಚ್ಚಿರ್ತೀನಿ. ಎರಡು ವರ್ಷದ ಹಿಂದ ಡಾಕ್ಟರ್ ಹೊಸಾ ಚೀಟಿ ಬರದು ಕೊಟ್ರು, ಅವ್ವ ಎಲ್ಲಾದಕ್ಕೂ ಹೂಂನ್ರಿ ಹೂಂನ್ರಿ ಅಂದ್ಲು, ನಾನೂ ತಲಿ ಅಲ್ಲಾಡ್ಸಿದೆ, ಹೊರಗ ಇನ್ನೂ ಮಂದಿ ಕುಂತಿದ್ರು, ಬಸ್ ತಪ್ಪತೈತಿ ಅಂತ ತಮ್ಮ ಅವಸರ ಮಾಡ್ತಿದ್ದ, ಗುಳಗಿ ಇಸ್ಗೊಂಡು ಹೊಂಟ ಬಿಟ್ವಿ. ಹನ್ನೆರಡು ದಿನಕ್ಕ ತಮ್ಮ ಫೋನ್ ಮಾಡ್ದ, ಅವ್ವನ ಕಾಲು ಬಾತಾವು, ಏಳಾಕ ಹೋದ್ರ ಕಣ್ಣಿಗೆ ಕತ್ತಲಿ ಬರ್ತೈತಿ ಅಂತಾಳ ಅಂತ. ಮರುದಿನ ಎಲ್ಲಾ ಗುಳಗಿ ತಗೊಂಡು ಬರಾಕ ಹೇಳಿ ನೋಡಿದ್ರ, ಮನ್ಯಾಗ ಹಳೇ ಬಿಪಿ ಗುಳಗಿ ಇನ್ನೂ ಉಳದಿದ್ವು, ಅದನ್ನೂ ತಗೋತಿದ್ಲು, ಹೊಸಾದನ್ನೂ ತಗೋತಿದ್ಲು. ಎರಡೂ ಸ್ಟ್ರಿಪ್ ಹೊಳ್ಳಿಸಿ ಸಣ್ಣ ಅಕ್ಷರ ಓದಿದ್ರ ಎರಡರ ಮ್ಯಾಲೂ ಅಮ್ಲೋಡಿಪಿನ್ ಅಂತನ ಇತ್ತು. ಕಂಪನಿ ಹೆಸರು ಬ್ಯಾರೆ, ಬಣ್ಣ ಬ್ಯಾರೆ, ಒಳಗಿನ ಔಷಧ ಒಂದ. ಆ ಔಷಧದ ಡೋಸ್ ಹೆಚ್ಚಾದ್ರ ಕಾಲು ಬಾಯೋದು, ಬಿಪಿ ಇಳದು ತಲಿ ತಿರಗೋದು ಆಗ್ತೈತಿ.

ಆವಾಗಿಂದ ನಾ ಇದರ ಬಗ್ಗೆ ಭಾಳ ವಿಚಾರ ಮಾಡೀನಿ. ಹೊಸಾ ಗುಳಗಿ ಬಂದ್ರ ಹಳೇದು ಬಂದ್ ಅನ್ನೋದು ಡಾಕ್ಟರಿಗೆ ಎಷ್ಟು ಸಾದಾ ವಿಷಯ ಅಂದ್ರ ಅದನ್ನ ಬಾಯಿಬಿಟ್ಟು ಹೇಳಬೇಕು ಅಂತ ಅವ್ರಿಗೆ ಅನಿಸಿರ್ಲಿಕ್ಕಿಲ್ಲ. ನಾವು ಕೇಳ್ಲಿಲ್ಲ. ಔಷಧ ಅಂಗಡ್ಯಾವ್ರು ಚೀಟ್ಯಾಗ ಇದ್ದಷ್ಟು ಕೊಟ್ರು. ಯಾರೂ ತಪ್ಪು ಮಾಡ್ಲಿಲ್ಲ, ಆದ್ರೂ ಮುದುಕಿ ಹನ್ನೆರಡು ದಿನ ತ್ರಾಸ ತಿಂದ್ಲು, ಬಿದ್ದು ಚಪ್ಪಿ ಮುರ್ಕೊಂಡಿದ್ರ ಏನು ಗತಿ. ಇದು ನಮ್ಮನಿ ಕತಿ ಅಷ್ಟ ಅಲ್ಲ. ರಾಯ್ ಕೆಸೆಲ್ಸ್ ಅನ್ನೋ ಡಚ್ ಸಂಶೋಧಕರು 2003ರಾಗ ಬರದಾರ, ಡಾಕ್ಟರ್ ಹೇಳಿದ್ರಾಗ 40ರಿಂದ 80 ಪರ್ಸೆಂಟ್ ಮಾತು ಮಂದಿ ಆಗಿಂದಾಗ ಮರೀತಾರ, ನೆನಪು ಉಳದಿದ್ರಾಗೂ ಹೆಚ್ಚೂ ಕಡಿಮಿ ಅರ್ಧ ತಪ್ಪ ನೆನಪಿರ್ತೈತಿ ಅಂತ. ವಯಸ್ಸಾದವ್ರು, ಹೆದರಿದವ್ರು ಇನ್ನೂ ಹೆಚ್ಚು ಮರೀತಾರ. ಅಂದ್ರ ಕಲ್ತವ್ರು ಕಲೀದವ್ರು ಅನ್ನೋ ಪ್ರಶ್ನೀನ ಇಲ್ಲ, ನಾನೂ ಡಿಗ್ರಿ ಮುಗಿಸಿದಾಕಿನ.

ನಾವು ಈಗ ಏನು ಮಾಡ್ತೀವಿ ಅನ್ನೋದನ್ನ ಬರೀತೀನಿ, ನಿಮ್ಮ ಮನ್ಯಾಗೂ ದವಾಖಾನಿಗೆ ಅಡ್ಡಾಡೋ ಹಿರಿಯಾರು ಇದ್ರ ಉಪಯೋಗ ಆಗಬಹುದು.

ಕುರ್ಚಿ ಬಿಟ್ಟು ಏಳೋಕಿಂತ ಮೊದಲ

ಎಲ್ಲಾದಕ್ಕಿಂತ ದೊಡ್ಡದು ಇದು, ಉಳಿದಿದ್ದು ಏನೂ ಮಾಡ್ಲಿಲ್ಲ ಅಂದ್ರೂ ಇದೊಂದು ಮಾಡ್ರಿ. ಡಾಕ್ಟರ್ ಹೇಳಿದ್ದನ್ನ ನಿಮ್ಮ ಮಾತಿನ್ಯಾಗ ಹೊಳ್ಳಿ ಅವ್ರಿಗೆ ಹೇಳ್ರಿ. ನಾ ಹಿಂಗ ಅಂತೀನಿ: “ಸರ್, ಒಮ್ಮಿ ಹೊಳ್ಳಿ ಹೇಳ್ತೀನ್ರಿ, ತಪ್ಪಿದ್ರ ತಿದ್ದ್ರಿ. ಈ ಬಿಳೇ ಗುಳಗಿ ಮುಂಜಾನಿ ನ್ಯಾರಿ ಆದ ಮ್ಯಾಲೆ ಒಂದ. ಈ ಸಣ್ಣದು ರಾತ್ರಿ ಮಲಗೋ ಮುಂದ ಒಂದ. ಹಳೇ ಬಿಪಿ ಗುಳಗಿ ಇವತ್ತಿಂದ ಬಂದ್. ಹದಿನೈದು ದಿನಕ್ಕ ರಕ್ತ ಚೆಕ್ ಮಾಡ್ಸಿ ತೋರಸ್ಬೇಕು. ಬರೋಬ್ಬರಿ ಐತಿಲ್ರಿ?” ಇದಕ್ಕ ಅರ್ಧ ನಿಮಿಷ ಸಾಕು. ಮೊದಲ ನನಗೂ ಅಂಜಿಕಿ ಇತ್ತು, ಇಷ್ಟು ಗದ್ಲದಾಗ ಸಿಟ್ಟಾಗ್ತಾರೇನೋ ಅಂತ, ಆದ್ರ ಇಲ್ಲೀತನ ಒಬ್ರೂ ಸಿಟ್ಟಾಗಿಲ್ಲ, ಎರಡು ಸಲ “ಅಲ್ಲಲ್ಲ, ಅದು ಊಟಕ್ಕಿಂತ ಮೊದಲ” ಅಂತ ತಿದ್ದ್ಯಾರ. ಆ ಎರಡು ಸಲ ನಾ ಸುಮ್ನ ಎದ್ದು ಬಂದಿದ್ರ ಎರಡೂ ಸಲ ತಪ್ಪ ಕೊಡ್ತಿದ್ದೆ.

ಹಂಗ ಹೇಳ್ತಾ ಹೇಳ್ತಾ ನಾಲ್ಕು ಮಾತು ಕೇಳಿ ಬಿಡ್ರಿ. ಹಳೇ ಗುಳಗಿ ಯಾವ್ದು ಬಿಡಬೇಕು ಯಾವ್ದು ಮುಂದುವರಸಬೇಕು. ಇದು ಎಷ್ಟು ದಿನ, ಮುಗದ ಮ್ಯಾಲೆ ಮತ್ತ ತಗೋಬೇಕೋ ಬಂದ್ ಮಾಡಬೇಕೋ. ಒಂದು ಹೊತ್ತು ಮರತ್ರ ಏನು ಮಾಡಬೇಕು (ನೆನಪಾದಾಗ ಎರಡು ಕೂಡ್ಸಿ ನುಂಗೋರು ಭಾಳ ಮಂದಿ ಅದಾರ, ಹಂಗ ಮಾಡಬಾರ್ದು, ಆ ಗುಳಗಿಗೆ ಏನು ನಿಯಮ ಅನ್ನೋದನ್ನ ಕೇಳ್ಕೋರಿ). ಮತ್ತ ಕಡೀದು, ಏನಾದ್ರ ತಾರೀಖು ಬರೋತನ ಕಾಯದ ಓಡಿ ಬರಬೇಕು. ಈ ಕಡೀ ಪ್ರಶ್ನೆ ಕೇಳೋರ ಕಡಿಮಿ. ಆಪರೇಷನ್ ಆಗಿ ಮನಿಗೆ ಕಳಸೋ ಮುಂದಂತೂ ಕೇಳಾಕಬೇಕು, ಜ್ವರ ಎಷ್ಟು ಬಂದ್ರ, ಹೊಲಿಗಿ ಹಾಕಿದಲ್ಲಿ ಕೀವು ರಕ್ತ ಬಂದ್ರ, ಎಷ್ಟು ತಾಸು ಉಚ್ಚಿ ಹೋಗ್ಲಿಲ್ಲಂದ್ರ ಫೋನ್ ಮಾಡಬೇಕು, ಯಾರಿಗೆ ಮಾಡಬೇಕು, ರಾತ್ರಿ ಆದ್ರ ಎಲ್ಲಿಗೆ ಬರಬೇಕು. ಡಿಸ್ಚಾರ್ಜ್ ಕಾರ್ಡಿನ್ಯಾಗ ಇದು ಇಂಗ್ಲಿಷ್‌ನ್ಯಾಗ ಕೆಳಗ ಎಲ್ಲೋ ಇರ್ತೈತಿ, ಸಿಸ್ಟರ್ ಕಡೆ ಕುಂತು ಕನ್ನಡದಾಗ ಬರಸ್ಕೋರಿ.

ಹಳೇದು ಹೊಸಾದು ಕಲಸೋದು ತಪ್ಪಸ್ಬೇಕಂದ್ರ ಮನ್ಯಾಗ ಇದ್ದಬದ್ದ ಗುಳಗಿ ಎಲ್ಲಾ ಒಂದು ಚೀಲದಾಗ ಹಾಕ್ಕೊಂಡು ಹೋಗ್ರಿ. ಎಲ್ಲಾ ಅಂದ್ರ ಎಲ್ಲಾ: ಮೊಣಕಾಲ ನೋವಿಗೆ ಅಂಗಡ್ಯಾಗ ತಾವ ಕೇಳಿ ತಂದಿದ್ದು, ನೆಗಡಿದು, ಬ್ಯಾರೆ ಡಾಕ್ಟರ್ ಕೊಟ್ಟಿದ್ದು, ನಾಟಿ ಔಷಧದ ಪುಡಿ ಸೈತ. ಜ್ವರದ್ದೊಂದು ಗುಳಗಿ, ಮೈಕೈ ನೋವಿಂದೊಂದು, ನೆಗಡಿದೊಂದು ಅಂತ ಮೂರು ತರಾ ತಗೊಂಡಿರ್ತಾರ, ಸಣ್ಣ ಅಕ್ಷರ ನೋಡಿದ್ರ ಮೂರರಾಗೂ ಪ್ಯಾರಾಸಿಟಮಾಲ್ ಇರ್ತೈತಿ. ದೊಡ್ಡವ್ರಿಗೂ ದಿನಕ್ಕ 4 ಗ್ರಾಂ ದಾಟಬಾರ್ದು ಅಂತ ಐತಿ, ದಾಟಿದ್ರ ಲಿವರ್‌ಗೆ ಪೆಟ್ಟು. ಕಂಪನಿ ಹೆಸರು ಬಿಡ್ರಿ, ಆ ಸಣ್ಣ ಅಕ್ಷರ ಓದೋದು ರೂಢಿ ಮಾಡ್ಕೋರಿ.

ಒಂದು ನೋಟ್‌ಬುಕ್, ಒಬ್ರ ಜವಾಬ್ದಾರಿ

ಮೊದಲ ಹೆಂಗಿತ್ತಂದ್ರ, ಡಾಕ್ಟರ್ ನನಗ ಹೇಳೋರು, ನಾ ತಮ್ಮಗ, ತಮ್ಮ ತನ್ನ ಹೇಣ್ತಿಗೆ, ಆಕಿ ಅವ್ವಗ. ನಾಲ್ಕು ಬಾಯಿ ದಾಟೋದ್ರಾಗ “ಅರ್ಧ ಗುಳಗಿ” ಅನ್ನೋದು “ಒಂದ” ಆಗಿತ್ತು ಒಮ್ಮಿ. ಈಗ ನೂರು ಪುಟದ ಸಾದಾ ನೋಟ್‌ಬುಕ್ ಮಾಡೀವಿ, ಅದು ಅವ್ವನ ಗುಳಗಿ ಡಬ್ಬಿ ಕೂಡ ಇರ್ತೈತಿ, ಬರಿಯೋಕಿ ತಮ್ಮನ ಹೇಣ್ತಿ ಒಬ್ಬಾಕಿನ, ಯಾಕಂದ್ರ ದಿನಾ ಗುಳಗಿ ಕೊಡೋಕಿ ಆಕಿ. ದವಾಖಾನಿಗೂ ಆಕಿನ್ನ ಕರ್ಕೊಂಡು ಬರ್ತೀವಿ. ರೊಕ್ಕ ಕೊಡೋ ಗಂಡಸ್ರು ಒಳಗ ಹೋಗ್ತಾರ, ಗುಳಗಿ ಕೊಡೋ ಹೆಣ್ಮಗಳು ಹೊರಗ ಬೆಂಚಿನ ಮ್ಯಾಲೆ ಚೀಲ ಹಿಡ್ಕೊಂಡು ಕುಂತಿರ್ತಾಳ, ಹುಬ್ಬಳ್ಳಿ ದವಾಖಾನಿಗೋಳಾಗ ಇದನ್ನ ಎಷ್ಟು ಸಲ ನೋಡೀನಿ. ಆಕಿನ್ನ ಒಳಗ ಕರೀರಿ.

ನೋಟ್‌ಬುಕ್ಕಿನ ಮೊದಲ ಪುಟದಾಗ ಹೆಸರು, ವಯಸ್ಸು, ಏನೇನು ಜಡ್ಡು ಅದಾವು, ಹಿಂದ ಆದ ಆಪರೇಷನ್, ಯಾವ ಔಷಧ ಒಗ್ಗೂದಿಲ್ಲ, ಈಗ ತಗೊಳ್ಳೋ ಗುಳಗಿ. ಆಮ್ಯಾಲೆ ತಾರೀಖು ಹಾಕಿ ಪ್ರತಿ ಸಲ ಹೇಳಿದ್ದು. ನಡುವ ಬಿಪಿ ಶುಗರ್ ಚೆಕ್ ಮಾಡ್ಸಿದ್ರ ಅದನ್ನೂ. ಪ್ರತಿ ಸಲ ಹುಬ್ಬಳ್ಳಿತನ ಬರಬೇಕಂತೇನಿಲ್ಲ, ಹಳ್ಳ್ಯಾಗ ಉಪಕೇಂದ್ರದಾಗ, ಪ್ಯಾಟ್ಯಾಗ ಸರಕಾರದ ‘ನಮ್ಮ ಕ್ಲಿನಿಕ್’ನ್ಯಾಗ ನೋಡ್ತಾರ, ಆಶಾ ಅಕ್ಕಾರನ್ನ ಕೇಳಿದ್ರ ಯಾವ ದಿನ ಅಂತ ಹೇಳ್ತಾರ. ತಾರೀಖು ಹಾಕಿದ ಹತ್ತು ಬಿಪಿ ನಂಬರ್ ತೋರ್ಸಿದ್ರ ಡಾಕ್ಟರ್ ಮುಖಾನ ಬ್ಯಾರೆ ಆಗ್ತೈತಿ, “ಹೆಂಗದೀರಿ”, “ಹಂಗ ಅದೀನ್ರಿ” ಅನ್ನೋದ್ರಾಗಿಂದ ಅವ್ರಿಗೆ ಏನೂ ಸಿಗೂದಿಲ್ಲ.

ಚೀಟಿ ಓದೋದೂ ಸ್ವಲ್ಪ ಕಲೀರಿ, ಕಠಿಣ ಏನಿಲ್ಲ. 1-0-1 ಅಂದ್ರ ಮುಂಜಾನಿ ಒಂದ, ಮಧ್ಯಾಹ್ನ ಇಲ್ಲ, ರಾತ್ರಿ ಒಂದ. ಓಡಿ ಅಂದ್ರ ದಿನಕ್ಕೊಮ್ಮಿ, ಬಿಡಿ ಎರಡ್ ಸಲ, ಟಿಡಿಎಸ್ ಮೂರ್ ಸಲ, ಎಚ್‌ಎಸ್ ಮಲಗೋ ಮುಂದ. ಎಸ್‌ಒಎಸ್ ಅಂದ್ರ ತ್ರಾಸ ಆದ್ರ ಅಷ್ಟ, ದಿನಾ ಅಲ್ಲ. ಈ ಎಸ್‌ಒಎಸ್ ಗೊತ್ತಿಲ್ದ ನೋವಿನ ಗುಳಗಿ ತಿಂಗಳಗಟ್ಟಲೆ ನುಂಗಿದವ್ರು ನನ್ನ ಕಣ್ಣ ಮುಂದ ಅದಾರ. ಅಕ್ಷರ ತಿಳೀಲಿಲ್ಲಂದ್ರ ಹೊಳ್ಳಿ ಹೋಗಿ ಕೇಳಾಕ ನಾಚ್ಕೋಬ್ಯಾಡ್ರಿ, ಔಷಧದ ಹೆಸರು ತಿಳಿಯೋಹಂಗ, ಆದಷ್ಟು ದೊಡ್ಡಕ್ಷರದಾಗ ಬರಿಬೇಕು ಅಂತ ಡಾಕ್ಟರ್ರ ನಿಯಮದಾಗನ ಐತಿ.

“ಊಟ ಆದ ಮ್ಯಾಲೆ” ಅಂದ್ರ ಯಾವ ಊಟ?

ನಮ್ಮ ಹಳ್ಳಿ ಕಡೆ ಮುಂಜಾನಿ ಎದ್ದು ಚಾ ಕುಡದು ಹೊಲಕ್ಕ ಹೋಗ್ತಾರ, ಹತ್ತು ಹನ್ನೊಂದಕ್ಕ ರೊಟ್ಟಿ, ಮತ್ತ ಸಂಜಿಕಡೆ ಏನರ ತಿಂದ್ರ ತಿಂದ್ರು, ರಾತ್ರಿ ಊಟ. ಡಾಕ್ಟರ್ ತಲ್ಯಾಗ ಎಂಟಕ್ಕ ನಾಷ್ಟಾ, ಒಂದಕ್ಕ ಊಟ, ಎಂಟಕ್ಕ ಊಟ ಇರ್ತೈತಿ. ಕೆಲವು ಶುಗರ್ ಗುಳಗಿ ಎಂಟಕ್ಕ ನುಂಗಿ ಹನ್ನೊಂದರತನ ಬರೇ ಚಾದ ಮ್ಯಾಲೆ ಹೊಲದಾಗ ಕೆಲಸ ಮಾಡಿದ್ರ ಶುಗರ್ ಒಮ್ಮಿಗ್ಲೆ ಇಳದು ಬೆವರು ಬಂದು ಕೈಕಾಲು ನಡಗ್ತಾವು. ಅದಕ್ಕ ಡಾಕ್ಟರಿಗೆ ಮೊದಲ ಹೇಳ್ರಿ, ನಾವು ಉಣ್ಣೋದು ಇಷ್ಟೊತ್ತಿಗೆ ಅಂತ, ಅವ್ರು ಆ ಹೊತ್ತಿಗೆ ತಕ್ಕಂಗ ಗುಳಗಿ ಹೊಂದಸ್ತಾರ. ಶ್ರಾವಣ ಸೋಮವಾರ, ಶಿವರಾತ್ರಿ ಉಪವಾಸ ಮಾಡೋರು ಇದ್ರ ಅದನ್ನೂ ಮುಚ್ಚಿಡದ ಕೇಳ್ರಿ, ಉಪವಾಸದ ದಿನ ಶುಗರ್ ಗುಳಗಿ ಅಥವಾ ಇನ್ಸುಲಿನ್ ಎಷ್ಟು ತಗೋಬೇಕು, ತಗೋಬೇಕೋ ಬ್ಯಾಡೋ. ತಾವ ತೀರ್ಮಾನ ಮಾಡೋದು ಭಾಳ ಡೇಂಜರ್.

ಪಥ್ಯದ ಮಾತೂ ಹಂಗ. “ಉಪ್ಪು ಕಡಿಮಿ ಮಾಡ್ರಿ” ಅಂದ್ರು, ಅವ್ವ ಸಾರಿಗೆ ಉಪ್ಪು ಕಡಿಮಿ ಹಾಕ್ಸಿದ್ಲು, ಸಪ್ಪಗ ಆತು ಅಂತ ಪಕ್ಕದಾಗ ಉಪ್ಪಿನಕಾಯಿ, ಗುರೆಳ್ಳು ಚಟ್ನಿ, ಹಪ್ಪಳ ಹಾಕ್ಕೊಂಡು ಉಂಡ್ಲು. ಆಕಿ ಲೆಕ್ಕದಾಗ ಆಕಿ ಪಥ್ಯ ಮಾಡಾಕತ್ತಿದ್ಲು, ಖರೇನ ಮನಸ್ಸಿಟ್ಟು ಮಾಡಾಕತ್ತಿದ್ಲು. ಅದಕ್ಕ ಡಾಕ್ಟರ್ ಮುಂದ ನಿಮ್ಮ ತಾಟಿನ್ಯಾಗ ಏನಿರ್ತೈತಿ ಅದರ ಹೆಸರು ಹಿಡದು ಕೇಳ್ರಿ: ಜ್ವಾಳದ ರೊಟ್ಟಿ ಎಷ್ಟು, ಶೇಂಗಾ ಚಟ್ನಿ ನಡೀತೈತೋ, ಮಿರ್ಚಿ ಭಜಿ ವಾರಕ್ಕೊಮ್ಮಿ ತಿನ್ನಬಹುದೋ, ಸಂತಿ ದಿನದ ಗಿರ್ಮಿಟ್ ಬಿಡಬೇಕೋ, ಚಾಕ್ಕ ಸಕ್ರಿ ಬದ್ಲಿ ಬೆಲ್ಲ ಹಾಕಬಹುದೋ (ಶುಗರ್ ಇದ್ದವ್ರಿಗೆ ಬೆಲ್ಲಾನೂ ಸಕ್ರಿನ, ಇದನ್ನ ನಂಬೋರ ಕಡಿಮಿ). ರಕ್ತ ಕಡಿಮಿ ಅಂತ ಕಬ್ಬಿಣಾಂಶದ ಗುಳಗಿ ಕೊಟ್ರ ಅದನ್ನ ಚಾ ಕೂಡ ತಗೋಬಾರ್ದು, ಮೈಗೆ ಹತ್ತೂದಿಲ್ಲ.

ಇನ್ನ ರಕ್ತ ಪರೀಕ್ಷೆ. “ಖಾಲಿ ಹೊಟ್ಟ್ಯಾಗ ಬರ್ರಿ” ಅಂದ್ರ ನಮ್ಮ ಮಂದಿ ಚಾ ಕುಡದು ಹೋಗ್ತಾರ, “ಏನೂ ತಿಂದಿಲ್ರಿ, ಚಾ ಅಷ್ಟ ಕುಡದೀನ್ರಿ”. ಹಾಲು ಸಕ್ರಿ ಹೊಟ್ಟಿಗೆ ಹೋದ ಮ್ಯಾಲೆ ಅದು ಖಾಲಿ ಹೊಟ್ಟಿ ಅಲ್ಲ. ಶುಗರ್‌ಗೆ ಕಡಿಮಿ ಅಂದ್ರ ಎಂಟು ತಾಸು ನೀರು ಬಿಟ್ಟು ಏನೂ ಇಲ್ಲ. ಊಟ ಆದ ಮ್ಯಾಲಿನ ಟೆಸ್ಟಿಗೆ ಎರಡು ತಾಸು ಎಣಸೋದು ಊಟ ಶುರು ಮಾಡಿದಾಗಿಂದ. ಆ ದಿನ ಮುಂಜಾನಿ ಗುಳಗಿ ತಗೊಂಡು ಬರಬೇಕೋ ಹಂಗ ಬರಬೇಕೋ ಅನ್ನೋದನ್ನೂ ಹಿಂದಿನ ಸಲಾನ ಕೇಳಿ ಬರದಿಟ್ಕೋರಿ, ಇಲ್ಲಂದ್ರ ನಸುಕಿನ ಬಸ್ಸಿಗೆ ಬಂದಿದ್ದು ದಂಡ ಆಗ್ತೈತಿ.

ರಿಪೋರ್ಟ್ ಮತ್ತ ವಾಟ್ಸಾಪ್

ಈಗ ಲ್ಯಾಬಿನವ್ರು ರಿಪೋರ್ಟ್ ಮೊಬೈಲಿಗೆ ಕಳಸ್ತಾರ. ದಪ್ಪ ಅಕ್ಷರದಾಗ ಒಂದು ನಂಬರ್ ಕಂಡ್ರ ಮನಿ ಮಂದಿ ಎಲ್ಲಾ ಹೆದರಿ ಯೂಟ್ಯೂಬ್ ನೋಡಾಕ ಶುರು ಮಾಡ್ತಾರ. ನಂಬರ್ ಒಂಚೂರು ಹೆಚ್ಚು ಕಡಿಮಿ ಇದ್ದ ಕೂಡ್ಲೇ ಜಡ್ಡು ಅಂತಲ್ಲ, ಹಂಗಂತ ಎಲ್ಲಾ ಬರೋಬ್ಬರಿ ಐತಿ ಅಂತಾನೂ ನಾವ ಹೇಳಾಕ ಬರೂದಿಲ್ಲ. ಟೆಸ್ಟಿಗೆ ಕೊಡೋ ದಿನಾನ ಕೇಳ್ರಿ, ರಿಪೋರ್ಟ್ ಎಂದು ಬರ್ತೈತಿ, ಯಾರು ನೋಡಿ ಹೇಳ್ತಾರ, ಅದಕ್ಕ ಮತ್ತ ಬರಬೇಕೋ ಫೋನ್ ನಡೀತೈತೋ. “ಫೋನ್ ಬರ್ಲಿಲ್ಲ, ಅಂದ್ರ ನಾರ್ಮಲ್ ಇರಬೇಕು” ಅಂತ ಸುಮ್ನ ಕೂಡ್ರಬ್ಯಾಡ್ರಿ. ಗಂಟು ತಗದು ಬಯಾಪ್ಸಿಗೆ ಕಳಸಿದ್ರಂತೂ ಆ ರಿಪೋರ್ಟ್ ಕೈಗೆ ಬಂದು ಡಾಕ್ಟರ್ ಕಣ್ಣಿಗೆ ಬೀಳೋತನ ಬೆನ್ನು ಹತ್ರಿ.

ಡಾಕ್ಟರ್ ವಾಟ್ಸಾಪ್ ನಂಬರ್ ಕೊಟ್ಟಿದ್ರ ಅದು ದೊಡ್ಡ ಉಪಕಾರ, ಅದನ್ನ ಹಂಗ ಬಳಸ್ರಿ. 2020ರ ಮಾರ್ಚ್‌ನ್ಯಾಗ ಕೇಂದ್ರದವ್ರು ಟೆಲಿಮೆಡಿಸಿನ್‌ಗೆ ನಿಯಮ ಮಾಡ್ಯಾರ, ಅದರ ಪ್ರಕಾರ ಫೋನ್, ವಿಡಿಯೊ, ಚಾಟ್ ಮ್ಯಾಲೆ ಡಾಕ್ಟರ್ ಸಲಹಾ ಕೊಡಬಹುದು, ಎದುರಿಗೆ ತೋರ್ಸಿ ಆರು ತಿಂಗಳ ಒಳಗ ಅದ ಜಡ್ಡಿಗೆ ಅದ ಡಾಕ್ಟರನ್ನ ಕೇಳಿದ್ರ ಅದು ಫಾಲೋಅಪ್ ಅಂತ ಲೆಕ್ಕ. ಆದ್ರ ನೋಡಿನ ಹೇಳಬೇಕು ಅಂತ ಅವ್ರಿಗೆ ಅನಿಸಿದ್ರ “ಬಂದು ತೋರಸ್ರಿ” ಅನ್ನೋ ಹಕ್ಕು ಅವ್ರಿಗೆ ಐತಿ, ಅದಕ್ಕ ಸಿಟ್ಟಾಗಬಾರ್ದು. ಬರೇ “ನಮಸ್ಕಾರ್ರಿ ಸರ್” ಅಂತ ಹಾಕಿ ಹನ್ನೊಂದು ಫೋಟೋ ಒಗೀಬ್ಯಾಡ್ರಿ. ಒಂದ ಮೆಸೇಜಿನ್ಯಾಗ ಎಲ್ಲಾ ಬರ್ಲಿ, ಹಿಂಗ:

“ನಮಸ್ಕಾರ್ರಿ ಸರ್. ಪೇಷಂಟ್ ಹೆಸರು ಇಂಥಾದು, ವಯಸ್ಸು 67, ರೋಣ ಕಡೇವ್ರು. ಹೋದ ಮಂಗಳವಾರ ತೋರ್ಸಿದ್ವಿ, ಶುಗರ್ ಗುಳಗಿ ಬದಲಿ ಮಾಡಿದ್ರಿ. ಮೂರು ದಿನದಿಂದ ಗುಳಗಿ ತಗೊಂಡ ಮ್ಯಾಲೆ ದಿನಕ್ಕ ನಾಲ್ಕು ಸಲ ಭೇದಿ ಆಗಾಕತ್ತೈತಿ, ಜ್ವರ ಇಲ್ಲ, ನೀರು ಕುಡೀತಾರ. ಇವತ್ತಿನ ಮುಂಜಾನಿ ಶುಗರ್ 142. ಗುಳಗಿ ಮುಂದುವರಸಬೇಕೋ ಬಂದು ತೋರಸಬೇಕೋ ತಿಳಸ್ರಿ. ಚೀಟಿ ಫೋಟೋ ಕೆಳಗ ಐತ್ರಿ.”

ಫೋಟೋ ಬೆಳಕಿನ್ಯಾಗ, ಪೂರ್ತಿ ಹಾಳಿ ಕಾಣೋಹಂಗ ತಗೀರಿ. ಉತ್ತರ ಬಂದ ಮ್ಯಾಲೆ ಅದನ್ನೂ ನೋಟ್‌ಬುಕ್ಕಿಗೆ ಇಳಸ್ರಿ, ಮೊಬೈಲ್ ಕೆಟ್ರ ಎಲ್ಲಾ ಹೋಗ್ತೈತಿ. ಎದಿ ಹಿಡದಂಗ ಆದ್ರ, ಬಾಯಿ ಸೊಟ್ಟಗ ಆದ್ರ, ಒಂದು ಕಡೆ ಕೈಕಾಲು ಬಿದ್ರ, ಉಸಿರಾಡಾಕ ಆಗ್ಲಿಲ್ಲಂದ್ರ ಮೆಸೇಜ್ ಹಾಕಿ ಎರಡು ಗೀಟು ನೀಲಿ ಆಗೋತನ ಕಾಯೋದು ಅಲ್ಲ, 108ಕ್ಕ ಫೋನ್ ಹಚ್ಚಿ ಹೊಂಡ್ರಿ.

ಮುಚ್ಚಿಡೋ ಮಾತು

ಇದನ್ನ ಬರಿಯಾಕ ಸ್ವಲ್ಪ ಸಂಕೋಚ ಆಗ್ತೈತಿ, ಆದ್ರೂ ಬರೀತೀನಿ. ಗುಳಗಿ ಮುಗಿದು ರೊಕ್ಕ ಇಲ್ಲ ಅಂತ ಹದಿನೈದು ದಿನ ಬಿಟ್ಟಿರ್ತಾರ, ಡಾಕ್ಟರ್ ಕೇಳಿದ್ರ “ಬರೋಬ್ಬರಿ ತಗೋತೀನ್ರಿ” ಅಂತಾರ, ಬೈತಾರ ಅನ್ನೋ ಅಂಜಿಕಿ. ಆಗ ಡಾಕ್ಟರ್ ಏನು ತಿಳ್ಕೋತಾರ? ಈ ಡೋಸ್ ಸಾಲವಲ್ದು ಅಂತ ಹೆಚ್ಚು ಮಾಡ್ತಾರ. ಮನಿಗೆ ಬಂದು ಅದನ್ನ ಬರೋಬ್ಬರಿ ತಗೊಂಡ್ರ ಬಿಪಿ ಪೂರ್ತಿ ಬಿದ್ದು ಹೋಗ್ತೈತಿ. ರೊಕ್ಕದ ಅಡಚಣಿ ಇದ್ರ ಸೀದಾ ಹೇಳ್ರಿ, “ಸರ್, ಇದ ಔಷಧ ಕಡಿಮಿ ರೇಟಿನ್ಯಾಗ ಐತೇನ್ರಿ, ಜನೌಷಧಿ ಅಂಗಡ್ಯಾಗಿಂದು ತಗೊಂಡ್ರ ನಡೀತೈತೇನ್ರಿ?” ಎಷ್ಟೋ ಸಲ ನಡೀತೈತಿ. ಆರಾಮ ಆತು ಅಂತ ತಾವ ಬಿಡೋದೂ ಹಂಗ, ಬಿಪಿ ನಾರ್ಮಲ್ ಬಂದಿರೋದ ಗುಳಗಿಯಿಂದ, ಬಿಟ್ರ ಮತ್ತ ಏರ್ತೈತಿ. ಸ್ಟಿರಾಯ್ಡ್ ಗುಳಗಿ ಭಾಳ ದಿನ ತಗೊಂಡವ್ರು ಒಮ್ಮಿಗ್ಲೆ ಬಿಟ್ರ ಜೀವಕ್ಕ ಅಪಾಯ, ಡಾಕ್ಟರ್ ಹಂತ ಹಂತವಾಗಿ ಇಳಸ್ತಾರ.

ನಮ್ಮವ್ವಗ ಕೆಮ್ಮಿದ್ರ ಉಚ್ಚಿ ಹನಿ ಬೀಳೋ ತ್ರಾಸ ಒಂದು ವರ್ಷದಿಂದ ಇತ್ತಂತ. ಪ್ರತಿ ಸಲ ತಮ್ಮ ಬಾಜೂಕ ಕುಂತಿರ್ತಿದ್ದ, ಮಗನ ಮುಂದ ಹೆಂಗ ಹೇಳೋದು ಅಂತ ಹೇಳಿರ್ಲಿಲ್ಲ. ಒಮ್ಮಿ ಅವನು ಹೊರಗ ಫೋನ್‌ನ್ಯಾಗ ಇದ್ದಾಗ ಹೇಳಿದ್ಲು. ಈಗ ನಾವು ಪ್ರತಿ ಸಲ ಐದು ನಿಮಿಷ ಆಕಿನ್ನ ಡಾಕ್ಟರ್ ಕೂಡ ಒಬ್ಬಾಕಿನ್ನ ಬಿಟ್ಟು ಹೊರಗ ಬರ್ತೀವಿ. ನಿಮ್ಮ ಮನಿ ಹೆಣ್ಮಕ್ಕಳಿಗೂ ಅಷ್ಟು ಜಾಗಾ ಬಿಡ್ರಿ.

ದವಾಖಾನ್ಯಾಗ ಕೆಲಸ ಮಾಡೋರಿಗೆ ಎರಡು ಮಾತು

ಸರ್ರ, ಮೇಡಂರ, ಸಿಸ್ಟರ್ರ, ನಿಮ್ಮ ಮುಂದ ದಿನಕ್ಕ ಎಷ್ಟು ಮಂದಿ ಬರ್ತಾರ ಅನ್ನೋದು ನಮಗ ಕಾಣ್ತೈತಿ. ಮಂದಿ ಕಿಮ್ಸ್ ಅನ್ನೋ ಹುಬ್ಬಳ್ಳಿ ಸರಕಾರಿ ದೊಡ್ಡ ದವಾಖಾನ್ಯಾಗ ಮುಂಜಾನಿ ನಿಂತು ನೋಡಿದ್ರ ಗದಗ, ಹಾವೇರಿ, ಕೊಪ್ಪಳದ ಕಡೇವ್ರು ಎಲ್ಲಾ ಅಲ್ಲೇ. ಆದ್ರೂ ಒಂದು ಕೇಳ್ಕೋತೀನಿ, “ಗೊತ್ತಾತೇನ್ರಿ?” ಅಂತ ಕೇಳಬ್ಯಾಡ್ರಿ. ಅದಕ್ಕ ನಮ್ಮ ಮಂದಿ ಉತ್ತರ ಒಂದ, “ಹೂಂನ್ರಿ”. ನಿಮಗ ಮರ್ಯಾದಿ ಕೊಡೋ ಸಲುವಾಗಿ ಅಂತಾರ ಅದನ್ನ, ಗೊತ್ತಾಗೇತಿ ಅಂತಲ್ಲ. “ಯವ್ವಾ, ಮನಿಗೆ ಹೋಗಿ ಈ ಗುಳಗಿ ಹೆಂಗ ತಗೋತಿ, ನನಗ ಹೇಳು” ಅಂತ ಕೇಳ್ರಿ, ಎಲ್ಲಿ ತಪ್ಪೇತಿ ಅನ್ನೋದು ಅಲ್ಲೇ ಹೊರಗ ಬೀಳ್ತೈತಿ. ಓದಾಕ ಬರದವ್ರಿಗೆ ಸ್ಟ್ರಿಪ್ ಮ್ಯಾಲೆ ಸೂರ್ಯಾ ಚಂದ್ರಾ ತಗದು ಕೊಡ್ರಿ, ಒಬ್ರು ಔಷಧ ಅಂಗಡ್ಯಾವ್ರು ಅವ್ವಗ ಹಂಗ ಮಾಡಿ ಕೊಟ್ಟಿದ್ರು, ಆಕಿ ಈಗ್ಲೂ ಅವ್ರನ್ನ ನೆನಸ್ತಾಳ. ಹೊಸಾದು ಬರದಾಗ ಹಳೇದಕ್ಕ ಚೀಟಿ ಮ್ಯಾಲೆ ಕಾಟು ಹೊಡದು “ಬಂದ್” ಅಂತ ಕನ್ನಡದಾಗ ಬರೀರಿ. ಹೊರಗಿನ ರಾಜ್ಯದಿಂದ ಬಂದ ಹುಡುಗ ಡಾಕ್ಟರ್‌ಗೋಳು ಇದ್ದಲ್ಲಿ ಕನ್ನಡ ಬಲ್ಲ ಸಿಸ್ಟರ್ ಒಬ್ರನ್ನ ಬಾಜೂಕ ನಿಲ್ಲಸ್ರಿ, “ತಲಿ ಗಿಂವ್ ಅಂತೈತಿ”, “ಕಾಲು ಜೋಮು ಹಿಡೀತಾವು”, “ಎದ್ಯಾಗ ಉರದಂಗ ಆಗ್ತೈತಿ” ಇವೆಲ್ಲಾ ಬ್ಯಾರೆ ಬ್ಯಾರೆ ತ್ರಾಸ, ಹಿಂದಿ ಭಾಷಾದಾಗ ಹೇಳಾಕ ಹೋದ್ರ ಎಲ್ಲಾ “ದರ್ದ್” ಆಗಿ ಬಿಡ್ತಾವು.

ಕಾಗದ ಪತ್ರ

ಎಲ್ಲಾ ಕಾಗದ ತಾರೀಖಿನ ಪ್ರಕಾರ ಒಂದ ಫೈಲಿನ್ಯಾಗ, ಹೊಸಾದು ಮ್ಯಾಲೆ. ಅಡ್ಮಿಟ್ ಆಗಿದ್ರ ಡಿಸ್ಚಾರ್ಜ್ ಕಾರ್ಡ್ ಇಲ್ದ ಮನಿಗೆ ಬರಬ್ಯಾಡ್ರಿ. 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ ಅಡ್ಮಿಟ್ ಆದವ್ರ ದಾಖಲಿ ಮೂರು ವರ್ಷ ಇಡಬೇಕು, ಪೇಷಂಟ್ ಕೇಳಿದ್ರ 72 ತಾಸಿನ್ಯಾಗ ಕೊಡಬೇಕು, ಆದ್ದರಿಂದ ಕಳದು ಹೋಗಿದ್ರ ಬಾಯಿಲೆ ಕೇಳಿ ಸುಮ್ನಾಗದ ಒಂದು ಅರ್ಜಿ ಬರದು ಕೊಟ್ಟು ತಾರೀಖು ಸಹಿತ ಒಂದು ಪ್ರತಿ ಇಟ್ಕೋರಿ. ಆಭಾ ಕಾರ್ಡ್ ಅಂತ 14 ಅಂಕಿಯ ಸರಕಾರಿ ಆರೋಗ್ಯ ಗುರುತಿನ ನಂಬರ್ ಮಾಡ್ಸಿದ್ರ ಅದಕ್ಕ ಸೇರಿದ ದವಾಖಾನಿಗೋಳ ರಿಪೋರ್ಟ್ ಮೊಬೈಲಿನ್ಯಾಗ ಕೂಡಿಡಬಹುದು, ಆದ್ರೂ ಕಾಗದ ಒಗೀಬ್ಯಾಡ್ರಿ. ಇಸಿಜಿ ಪಟ್ಟಿ ಇರ್ತೈತಲ್ಲ, ಅದರ ಅಚ್ಚು ದಿನಾ ಕಳದಂಗ ಮಾಸಿ ಹೋಗ್ತೈತಿ. ನಮ್ಮಪ್ಪನ ಹಳೇ ಇಸಿಜಿ ತಗದು ನೋಡಿದ್ರ ಬರೇ ಬಿಳೇ ಹಾಳಿ ಉಳದಿತ್ತು, ಅದಕ್ಕ ಕೈಗೆ ಬಂದ ದಿನಾನ ಝೆರಾಕ್ಸ್ ಮಾಡ್ಸಿ ಫೈಲಿಗೆ ಹಾಕ್ರಿ.